ಹಾಜರಿ ಪಟ್ಟಿಯ ಪ್ರಕಾರ ನೀರು

೧೧ ಏಪ್ರಿಲ್ ೧೯೯೩, ರವಿವಾರ

ಮೊದಲಿಗೆ ಕ್ಷಮೆ. ನಾನು ಇದನ್ನು ಬರೆಯಬಾರದು. ಬರೆಯಬೇಕಾದದ್ದು ಇನ್ನೊಂದು ನೋಟ್‌ಬುಕ್, ನೀಲಿ ರಟ್ಟಿನದು. ಅದರಲ್ಲಿ ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬೆಳೆಯಬೇಕು. ಸದ್ಯ ನನ್ನ ಹೆಸರು ಮತ್ತು ರೋಲ್ ನಂಬರು ಮಾತ್ರ ಬೆಳೆದಿವೆ. ಅಕ್ಷರ ಮಾತ್ರ ಚಂದ ಬಂದಿವೆ.

ಬೆಳಗಾವಿಯ ಬಿಬಿಎಂ ಮೊದಲ ವರ್ಷಕ್ಕೆ ಸರ್ ಕೊಟ್ಟ ಕೆಲಸ ಇದು: ಯಾವುದಾದರೂ ಒಂದು ಸಂಸ್ಥೆಯಲ್ಲಿ ಆಗುವ ಬದಲಾವಣೆಯನ್ನು ಒಂದು ಪ್ರಕ್ರಿಯೆಯಾಗಿ ಅರ್ಥ ಮಾಡಿಕೊಂಡು ಬರೆಯಿರಿ. ನಲವತ್ತು ಅಂಕ. ಉಳಿದವರು ಬ್ಯಾಂಕಿಗೆ, ಕಾರ್ಖಾನೆಗೆ ಹೋದರು. ನಿಪ್ಪಾಣಿಯಿಂದ ಅಪ್ಪ ಫೋನ್ ಮಾಡಿ, "ಎಲ್ಲೆಲ್ಲೋ ಯಾಕ ಹೊಕ್ಕಿ? ಕಾಕಾನ ಸಂಘಕ್ಕ ಹೋಗು" ಎಂದರು. ಹೀಗಾಗಿ ಕಾಗವಾಡದಿಂದ ನಾಲ್ಕು ಮೈಲು ಆಚೆ, ಕೃಷ್ಣೆಯ ದಂಡೆಯ ಈ ಊರಿಗೆ ಬಂದಿದ್ದೇನೆ.

ಕಾಕಾ ಅಂದರೆ ಆಬಾಸಾಹೇಬ, ಏತ ನೀರಾವರಿ ಸಂಘದ ಅಧ್ಯಕ್ಷರು. ನದಿಯ ನೀರನ್ನು ಮೋಟರಿನಿಂದ ಎತ್ತಿ ಕಾಲುವೆಗೆ ಬಿಡುವುದು, ನಲವತ್ತೇಳು ಸದಸ್ಯರ ಕಬ್ಬು, ದ್ರಾಕ್ಷಿಗೆ ಪಾಳಿಯ ಪ್ರಕಾರ ಹಂಚುವುದು, ಇಷ್ಟೇ ಸಂಘದ ಕೆಲಸ. ಹಂಚುವವನು ಪಾಟಕರಿ ಲಗಮಣ್ಣ. ಇಪ್ಪತ್ತೆರಡು ವರ್ಷದಿಂದ ಯಾರ ಪಾಳಿ ಯಾವಾಗ, ಯಾವ ಗೇಟು ಎಷ್ಟು ತಾಸು, ಎಲ್ಲ ಅವನ ತಲೆಯಲ್ಲಿದೆ. ಕಾಗದದ ಮೇಲೆ ಒಂದಕ್ಷರ ಇಲ್ಲ.

ಈಗ ಅವನ ಎಡಗಣ್ಣಿಗೆ ಪೊರೆ ಬಂದಿದೆ. ಮೇ ೨೪ಕ್ಕೆ ಮಿರಜದಲ್ಲಿ ಆಪರೇಷನ್ ಆಗಬೇಕು. ಪೊರೆ ಪೂರಾ ಹಣ್ಣಾಗಿದೆ, ಇನ್ನು ತಡ ಮಾಡಿದರೆ ಒಳಗೇ ಒಡೆದು ಕಣ್ಣೇ ಹೋಗುತ್ತದೆ ಎಂದಿದ್ದಾರೆ ಡಾಕ್ಟರು. ಆಮೇಲೆ ನಲವತ್ತು ದಿನ ಬಗ್ಗುವಂತಿಲ್ಲ, ನೀರು ಮುಟ್ಟುವಂತಿಲ್ಲ. ಲಗಮಣ್ಣ ಒಲ್ಲೆ ಅಂದಿದ್ದಾನೆ.

"ಅಂವಾ ಹೋಗಬೇಕಂದ್ರ ಅವನ ತಲಿ ಇಲ್ಲಿ ಉಳೀಬೇಕು," ಎಂದರು ಕಾಕಾ. "ಅದನ್ನ ಕಾಗದಕ್ಕ ಇಳಸೂದು ನಿನ್ನ ಕೆಲಸ. ನೀ ಮ್ಯಾನೇಜಮೆಂಟ್ ಕಲಿಯಾಕತ್ತೀಯಲ್ಲಾ?"

ಕಲಿಯುತ್ತಿದ್ದೇನೆ. ಎಂಟು ತಿಂಗಳಾಯಿತು.

೧೩ ಏಪ್ರಿಲ್

ಲಗಮಣ್ಣನನ್ನು ನೋಡಿದೆ. ಹಳದಿ ರುಮಾಲು, ಹೆಗಲ ಮೇಲೆ ಸಲಿಕೆ, ಮುಂಗೈಗೆ ದೊಡ್ಡ ಗಡಿಯಾರ. ನಾನು ಅಭ್ಯಾಸಬಲದಿಂದ "ಗುಡ್ ಮಾರ್ನಿಂಗ್" ಎಂದೆ. ಆತ ಕೋಳಿಯ ಹಾಗೆ ಕತ್ತು ಓರೆ ಮಾಡಿದ.

"ಯಾರಿದು?"

"ಆಬಾಸಾಹೇಬರ ಅಣ್ಣನ ಮಗ. ಬಾಬಾಸಾಹೇಬ." ಪಂಚಗಣಿಯ ಹಾಸ್ಟೆಲಿನಲ್ಲಿ ನನ್ನನ್ನು ಬಾಬ್ ಅನ್ನುತ್ತಿದ್ದರು ಎಂಬುದನ್ನು ಹೇಳಲಿಲ್ಲ.

"ಧ್ವನಿ ಗಟ್ಟಿ ಐತಿ ತಮ್ಮಾ. ಮೀಸಿ ಬಂದಾವೇನು?"

ಎರಡು ಮಾರು ದೂರದಲ್ಲಿ ಎದುರಿಗೇ ನಿಂತು ಹೀಗೆ ಕೇಳಿದರೆ ಅವಮಾನವಾಗುವುದಿಲ್ಲವೇ? ಸಿಟ್ಟಿಗೆ "ಬಂದಾವ" ಎಂದೆ. ಆತ ಒಪ್ಪಿ ತಲೆಯಾಡಿಸಿದ. ಹಳ್ಳಿಯ ಜನ ಚೇಷ್ಟೆಯನ್ನೂ ಗಂಭೀರವಾಗಿ ಮಾಡುತ್ತಾರೆ.

ಕಾಲುವೆಯ ಗುಂಟ ಮೂರು ಕಿಲೋಮೀಟರ್ ನಡೆದೆವು. ನನ್ನ ಬೂಟು ಎರಡು ಸಲ ಕೆಸರಿನಲ್ಲಿ ಉಳಿಯಿತು, ಕಾಲು ಮಾತ್ರ ಮುಂದೆ ಬಂತು. ಅವನ ಹೆಂಡತಿ ಕಾಳವ್ವನೂ ಜೊತೆಗೆ ಬರುತ್ತಾಳೆ, ಅದೂ ಮುಂದೆ ಮುಂದೆ. ಬಾಯಿಗೆ ಬಿಡುವಿಲ್ಲ: "ಇಲ್ಲಿ ಬದು ಒಡದೈತಿ ನೋಡು." "ಇದು ಚೌಗಲ್ಯಾನ ಗೇಟ." "ಎಡಕ್ಕ ಮುಳ್ಳ ಬಿದ್ದಾವ." ಗಂಡ ಇಪ್ಪತ್ತೆರಡು ವರ್ಷದಿಂದ ನೋಡಿದ್ದನ್ನೇ ಹೇಳುತ್ತಾಳೆ. ಪಾಪ, ಆತ ಒಂದು ಮಾತಿಗೂ ರೇಗುವುದಿಲ್ಲ. ನಡುವೆ ನನ್ನನ್ನು ಟೈಮ್ ಕೇಳಿದ, ಕೈಯಲ್ಲಿ ಗಡಿಯಾರ ಇಟ್ಟುಕೊಂಡು. ಶೋಕಿಗೆ ಕಟ್ಟಿರಬೇಕು.

ನೀಲಿ ನೋಟ್‌ಬುಕ್ಕಿನಲ್ಲಿ ಬರೆದೆ: ಪಾಟಕರಿಯ ಹೆಂಡತಿ ಕೆಲಸದ ವೇಳೆ ಜೊತೆಗಿದ್ದು ಅಡ್ಡಿ ಮಾಡುತ್ತಾಳೆ. ಸುಧಾರಣೆಗೆ ಅವಕಾಶವಿದೆ.

೧೫ ಏಪ್ರಿಲ್

ಸರ್ ಬರೆಸಿದ ನೋಟ್ಸ್ ಪ್ರಕಾರ ಬದಲಾವಣೆಗೆ ಆರು ಹಂತ. ಅಗತ್ಯ ಮನಗಾಣಿಸು, ಬೆಂಬಲಿಗರನ್ನು ಕೂಡಿಸು, ಯೋಜನೆ ಮಾಡು, ಕಲಿಸು, ಜಾರಿಗೆ ತಾ, ಗಟ್ಟಿಗೊಳಿಸು. ಕೆಳಗೆ ಎರಡು ಗೆರೆ ಎಳೆದ ವಾಕ್ಯ: ವಿರೋಧ ಸಹಜ, ವಿರೋಧಿಸುವವರನ್ನು ಮೊದಲೇ ಗುರುತಿಸಿ.

ಗುರುತಿಸಿದೆ. ಲಗಮಣ್ಣ.

ಸಂಘದ ಆಫೀಸಿನಲ್ಲಿ ಇಂದು ಮೊದಲ ಹಂತ. ಇಪ್ಪತ್ತು ಜನ ಬಂದಿದ್ದರು. ಕಾಗದ ಹಿಡಿದು ಶುರು ಮಾಡಿದೆ. ಎರಡು ನಿಮಿಷಕ್ಕೆ ಕಾಕಾ ನನ್ನ ಅಂಗಿ ಜಗ್ಗಿದರು. "ಕನ್ನಡದಾಗ ಹೇಳೋ, ಮಂದಿ ಕೂತಾರ." ಕನ್ನಡದಲ್ಲಿ ಹೇಳಿದೆ. ಇನ್ನು ಮೇಲೆ ಪಾಳಿಯ ಪಟ್ಟಿ ಬೋರ್ಡಿನ ಮೇಲೆ ಇರುತ್ತದೆ, ಯಾರು ಬೇಕಾದರೂ ನೋಡಿ ಗೇಟು ತೆಗೆಯಬಹುದು.

"ಹೌದ್ರಿ," ಎಂದರು ಎಲ್ಲರೂ. "ಚಲೋ ಆತ್ರಿ."

ಒಬ್ಬರೂ ವಿರೋಧಿಸಲಿಲ್ಲ! ಲಗಮಣ್ಣ ಕೂಡ ಮೂಲೆಯಲ್ಲಿ ಕೂತು "ಹೌದ್ರಿ" ಎಂದ. ಎರಡು ಹಂತ ಒಂದೇ ಸಂಜೆಗೆ ಮುಗಿದವು.

ಕಾಕಾನ ಹೆಂಡತಿ ಕಮಲಾಬಾಯಿ ಕಾಕೂಗೆ ಹೇಳಿದರೆ ರೊಟ್ಟಿ ಬಡಿಯುತ್ತಲೇ ಅಂದಳು: "ಈ ಊರಾಗ ಹೌದ್ರಿ ಅಂದ್ರ ಕೇಳಿಸಿಕೊಂಡೇನಿ ಅಂತ. ಒಪ್ಪೇನಿ ಅಂತಲ್ಲ."

೧೮ ಏಪ್ರಿಲ್

ಮೂರನೇ ಹಂತ ಮುಗಿಯಿತು. ನನಗೇ ಹೆಮ್ಮೆ ಎನಿಸುತ್ತಿದೆ. ಪಂಚಗಣಿಯ ಹಾಸ್ಟೆಲಿನಲ್ಲಿ ಮೂರನೇ ತರಗತಿಯಿಂದ ಹತ್ತು ವರ್ಷ ಇದ್ದೆ. ಎಂಬತ್ತು ಹುಡುಗರು, ನಾಲ್ಕು ಸ್ನಾನದ ಮನೆ, ಒಂದು ದಿನವೂ ಜಗಳವಿಲ್ಲ. ಯಾಕೆ? ಹಾಜರಿ ಪಟ್ಟಿ. ಅಡ್ಡಹೆಸರಿನ ಇಂಗ್ಲಿಷ್ ಅಕ್ಷರದ ಪ್ರಕಾರ ಒಬ್ಬರಾದ ಮೇಲೆ ಒಬ್ಬರು. ಯಾರಿಗೂ ಪಕ್ಷಪಾತವಿಲ್ಲ, ತಲೆಯಲ್ಲಿ ಇಟ್ಟುಕೊಳ್ಳುವ ಗೋಜಿಲ್ಲ. ಅದನ್ನೇ ಇಲ್ಲಿ ತಂದೆ. ಅವಟಿ ಮೊದಲು, ಆಮೇಲೆ ಬಡಿಗೇರ, ಭೋಸಲೆ, ಚೌಗಲಾ... ನಲವತ್ತೇಳರಲ್ಲಿ ಹತ್ತೊಂಬತ್ತು ಜನ ಪಾಟೀಲರೇ ಇದ್ದುದರಿಂದ ಅಲ್ಲಿ ಸ್ವಲ್ಪ ಒತ್ತಾಯಿತು. ಅವರನ್ನು ಸ್ವಂತ ಹೆಸರಿನ ಪ್ರಕಾರ ಇಟ್ಟೆ.

ಬೋರ್ಡು ಹಸಿರು, ಅಕ್ಷರ ಬಿಳಿ. ಲಗಮಣ್ಣನಿಗೆ ತೋರಿಸಿದೆ. ಆತ ಬಹಳ ಹೊತ್ತು ಅದರ ಮುಂದೆ ಗೌರವದಿಂದ ನಿಂತು, "ಬಣ್ಣದ ವಾಸನಿ ಚಲೋ ಐತಿ" ಎಂದ. ಕಾಳವ್ವ ಏನೋ ಹೇಳಲು ಬಾಯಿ ತೆರೆದಳು. ಆತ ಅವಳ ಕೈ ಹಿಡಿದು ಸುಮ್ಮನಾಗಿಸಿದ.

"ಹೇಳಿದ್ರ ಕೇಳೂದಿಲ್ಲ ಬಿಡ. ನೀರ ಹೇಳ್ತೈತಿ."

೨೨ ಏಪ್ರಿಲ್

ನೀರು ಹೇಳಿತು.

ಅವಟಿಯವರ ಹೊಲ ಕಾಲುವೆಯ ತುದಿಯಲ್ಲಿದೆ. ಬಡಿಗೇರರದು ನದಿಯ ಪಕ್ಕ. ಭೋಸಲೆಯವರದು ಮತ್ತೆ ತುದಿ. ಮೂರು ಕಿಲೋಮೀಟರ್ ಮಣ್ಣಿನ ಕಾಲುವೆ. ನೀರು ತುದಿಗೆ ಹೋಗಿ, ಮೇಲೆ ಬಂದು, ಮತ್ತೆ ತುದಿಗೆ ಹೊರಡುವಷ್ಟರಲ್ಲಿ ಕೆಳಗಿನ ಕಾಲುವೆ ಒಣಗಿ ಬಾಯಿ ಬಿಟ್ಟಿರುತ್ತದೆ. ಭೋಸಲೆಯವರ ಪಾಳಿ ನಾಲ್ಕು ತಾಸು. ನೀರು ಅವರ ಗೇಟು ಮುಟ್ಟಿದ್ದು ಮೂರೂವರೆ ತಾಸಿಗೆ. ನಾಲ್ಕು ದಿನದಲ್ಲಿ ಹದಿನಾರು ಜನಕ್ಕೆ ಸಿಗಬೇಕಿದ್ದ ನೀರು ಏಳು ಜನಕ್ಕೆ ಸಿಕ್ಕಿದೆ. ಪಾಟೀಲರ ಪಾಳಿ ಬರುವಷ್ಟರಲ್ಲಿ ಮಳೆಗಾಲ ಬರುತ್ತದೆ ಎಂದು ಹತ್ತೊಂಬತ್ತು ಪಾಟೀಲರೂ ಕಾಕಾನ ಅಂಗಳದಲ್ಲಿ ಕೂತಿದ್ದಾರೆ.

ಎಲ್ಲರಿಗಿಂತ ಜೋರು ಭೀಮಸಿ. ಕಾಲುವೆಯ ತುದಿಯಲ್ಲಿ ಅವನದು ಒಂದೆಕರೆ ಹೊಲ, ಇನ್ನೂರು ಕುರಿ.

"ಸಾಹೇಬ್ರ, ನಿಮ್ಮ ಹಾಸ್ಟೆಲ್ದಾಗ ನಳದ ನೀರ ಹುಡುಗೂರ ಹೆಸರ ಕೇಳಿಕೊಂಡ ಬರ್ತಿತ್ತೇನ್ರಿ? ನಮ್ಮ ಕಾಲಿವಿ ಸಾಲಿ ಕಲತಿಲ್ಲರಿ. ಅದಕ್ಕ ಇಳಿಜಾರ ಒಂದ ಗೊತ್ತ."

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

೨೩ ಏಪ್ರಿಲ್

ಜ್ವರ ಬಂದರೆ ಒಳ್ಳೆಯದಿತ್ತು. ಬರಲಿಲ್ಲ.

೨೫ ಏಪ್ರಿಲ್

ಬೋರ್ಡನ್ನು ನಾನೇ ಒಳಗೆ ಗೋಡೆಗೆ ಮುಖ ಮಾಡಿ ಇಟ್ಟೆ. ಲಗಮಣ್ಣ ಮಾಮಾ ಗೇಲಿ ಮಾಡುತ್ತಾನೆ ಅಂದುಕೊಂಡಿದ್ದೆ. ಆತ "ಚಾ ಕುಡದಿ?" ಎಂದಷ್ಟೇ ಕೇಳಿ ಕಾಲುವೆಗೆ ಕರೆದುಕೊಂಡು ಹೋದ.

"ಕಾಲಿವಿ ಮೊದಲ ತಾ ಕುಡೀತೈತಿ, ಆಮ್ಯಾಲ ನಮಗ ಕೊಡ್ತೈತಿ," ಎಂದಳು ಕಾಳವ್ವ. "ಅದಕ್ಕ ತುದೀಯಿಂದ ಸುರು ಮಾಡಿ ಒಂದೊಂದ ಗೇಟ ಮ್ಯಾಲ ಬರಬೇಕು. ಹಸಿ ಕಾಲಿವಿ ಹಸೀನ ಇರ್ತೈತಿ."

ಇಷ್ಟನ್ನು ಮೊದಲೇ ಹೇಳಬಹುದಿತ್ತಲ್ಲ ಎಂದೆ.

"ನೀ ಕೇಳಿದಿಯೇನು? ಬೋರ್ಡ ತೋರಿಸಿದಿ," ಎಂದಳು.

ಮಾಮಾ ಕಾಲುವೆಯೊಳಗೆ ಕೈ ಅದ್ದಿ ಎರಡು ಗಳಿಗೆ ಸುಮ್ಮನೆ ಕೂತ. "ಗುಡಿ ಗೇಟ ಪೂರಾ ಮುಚ್ಚಿಲ್ಲ. ನಾಕ ಬೆರಳ ನೀರ ಅತ್ತ ಹೊಂಟೈತಿ." ಹೋಗಿ ನೋಡಿದೆ. ನಾಲ್ಕು ಬೆರಳೇ. ಓಡಿ ಬಂದು ಹೇಳಿದಾಗ ಮಾಮಾನಿಗಿಂತ ನನಗೇ ಹೆಚ್ಚು ಖುಷಿಯಾಗಿತ್ತು.

ಹೊಸ ಪಟ್ಟಿ ಹೇಗೆ ಮಾಡಲಿ ಎಂದು ಕೇಳಿದೆ. "ಆಕೀನ ಕೇಳು," ಎಂದ. ದಣಿದಿರಬೇಕು.

೨ ಮೇ

ಒಂದು ವಾರದಿಂದ ದಿನವೂ ಬೆಳಿಗ್ಗೆ ಕಾಲುವೆ. ಗೇಟಿಗೊಂದು ಪುಟ ಮಾಡಿದ್ದೇನೆ. ನೀಲಿ ನೋಟ್‌ಬುಕ್ ಸಾಲದೆ ಕಾಕೂನ ಹಾಲಿನ ಚೀಟಿಗಳ ಹಿಂದೆಯೂ ಬರೆದಿದ್ದೇನೆ. ಇದು ನೀರಿನ ವಿಷಯ ಎಂದುಕೊಂಡಿದ್ದೆ. ಅರ್ಧ ಮಾತ್ರ ನೀರು. ಹನ್ನೊಂದು ಮತ್ತು ಹನ್ನೆರಡನೇ ಗೇಟಿನವರು ಅಣ್ಣತಮ್ಮಂದಿರು, ಮಾತು ಬಿಟ್ಟು ಆರು ವರ್ಷ. ಒಬ್ಬನ ಪಾಳಿ ಮುಗಿದದ್ದನ್ನು ಇನ್ನೊಬ್ಬನಿಗೆ ಪಾಟಕರಿಯೇ ಹೋಗಿ ಹೇಳಬೇಕು. ಮಂಗಸೂಳಿ ಮಲ್ಲಯ್ಯ ದೇವರ ಒಕ್ಕಲಿನ ಒಂಬತ್ತು ಮನೆಯವರು ರವಿವಾರ ಸಲಿಕೆ ಮುಟ್ಟುವುದಿಲ್ಲ. ಅವರ ಪಾಳಿ ರವಿವಾರ ಬಂದರೆ ಉಳಿದವರ ಜೊತೆ ಅದಲು ಬದಲು. ಆ ಅದಲು ಬದಲು ಹದಿನೈದು ದಿನದೊಳಗೆ ತೀರಬೇಕು.

"ಇದೆಲ್ಲ ಎಲ್ಲಿ ಬರೆದಿಟ್ಟಿದ್ದಿ ಮಾವಶಿ?" ಎಂದು ಕಾಳವ್ವನನ್ನು ಕೇಳಿದೆ.

"ಯಾರರೆ ಬೈದಿದ್ದ ಮರೀತೈತೇನು? ಒಂದೊಂದ ತಪ್ಪಿಗಿ ಒಂದೊಂದ ಸಲ ಬೈಸಿಕೊಂಡೇವಿ. ಹಂಗ ನೆಪ್ಪ ಉಳದೈತಿ."

ಕಾಕಾನ ಗೇಟಿನ ಪುಟಕ್ಕೆ ಬಂದಾಗ ಮಾವಶಿ ಸ್ವಲ್ಪ ತಡೆದಳು. "ನಿಮ್ಮ ಕಾಕಾಂದು ಆರ ತಾಸು ಅಂತ ಬರಿ. ಹರಿಯೂದ ಎಂಟ."

"ಎರಡು ತಾಸು ಹೆಚ್ಚು ಯಾಕೆ?"

"ಅಧ್ಯಕ್ಷರಲ್ಲೇನು?" ಎಂದ ಮಾಮಾ. ಅವನಿಗೆ ಅದರಲ್ಲಿ ಬೆರಗೇನೂ ಕಾಣಲಿಲ್ಲ.

ನಾನು ಆರು ಎಂದು ಬರೆದೆ. ಪೆನ್ಸಿಲಿನಲ್ಲಿ.

೭ ಮೇ

ಇದನ್ನು ಯಾರಿಗೂ ಹೇಳುವುದಿಲ್ಲ, ಬರೆಯುವುದೂ ಇಲ್ಲ ಎಂದು ಮಾಮಾನ ಕೈ ಮುಟ್ಟಿ ಆಣೆ ಮಾಡಿದ್ದೇನೆ. ಆದರೆ ಬರೆಯುವ ಆಣೆ ಮಾಡಿದ್ದು ನೀಲಿ ನೋಟ್‌ಬುಕ್ಕಿನ ಬಗ್ಗೆ. ಇದು ಬೇರೆ. ಕ್ಷಮೆ.

ಕಾಳವ್ವ ಮಾವಶಿ ತಂಗಿಯ ಮಗಳನ್ನು ನೋಡಲು ಬರುವವರಿದ್ದಾರೆಂದು ನಿನ್ನೆ ತೆಲಸಂಗಕ್ಕೆ ಹೋದಳು. ಇಂದು ಮಾಮಾ ಒಬ್ಬನೇ. ನಾನು ಹೋಗುವುದು ಅರ್ಧ ತಾಸು ತಡವಾಯಿತು. ದೂರದಿಂದಲೇ ಕೂಗಾಟ ಕೇಳಿಸಿತು. ಹೋಗಿ ನೋಡಿದರೆ ಭೀಮಸಿಯ ಇನ್ನೂರು ಕುರಿ ಮೊಣಕಾಲು ಮಟ ನೀರಿನಲ್ಲಿ ನಿಂತಿವೆ. ಗೊಬ್ಬರಕ್ಕೆಂದು ಅವನ್ನು ಖಾಲಿ ಹೊಲದಲ್ಲಿ ಬಲೆ ಕಟ್ಟಿ ಕೂಡಿಹಾಕಿದ್ದನಂತೆ. ಪಕ್ಕದ ಗೇಟು ತೆಗೆಯುವ ಬದಲು ಮಾಮಾ ಈ ಗೇಟು ತೆಗೆದಿದ್ದಾನೆ. ಕುರಿಗಳು ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ, ಯಾರೋ ಕ್ಷಮೆ ಕೇಳಲಿ ಎಂಬಂತೆ ನಿಂತಿದ್ದವು.

"ಲಗಮ್ಯಾ! ಕಣ್ಣ ಎಲ್ಲಿಟ್ಟ ಬಂದೀಯೋ? ನನ್ನ ಕುರಿಗೋಳನ್ನ ಪಂಢರಪುರದ ಹೊಳ್ಯಾಗ ಮುಳಗಸೂ ಆಸೆ ಇತ್ತೇನು?"

ನಾನು ಗೇಟು ಮುಚ್ಚಿದೆ. ಪೂರಾ ಮುಚ್ಚಲು ಬೂಟು ಬಿಚ್ಚಿ ಒಳಗೆ ಇಳಿಯಬೇಕಾಯಿತು. ಮಾಮಾ ಬದುವಿನ ಮೇಲೆ ಕೂತಿದ್ದ. ಹತ್ತಿರ ಹೋಗಿ ಐದು ಬೆರಳು ತೋರಿಸಿ ಎಷ್ಟು ಎಂದು ಕೇಳಿದೆ.

"ಏನ ಎಷ್ಟ?" ಎಂದ.

ಬಲಗಣ್ಣಿಗೂ ಪೊರೆ. ಎರಡು ವರ್ಷದಿಂದ. ಬೆಳಕು ಕತ್ತಲು ಗೊತ್ತಾಗುತ್ತದೆ, ಮನುಷ್ಯ ನಿಂತರೆ ಕಂಬದಂತೆ ಕಾಣುತ್ತಾನೆ. ಅಷ್ಟೇ.

"ಯಾರಿಗೂ ಹೇಳಬ್ಯಾಡ ತಮ್ಮಾ. ನಲವತ್ತ ದಿನ ಮನ್ಯಾಗ ಕೂತ್ರ ಸಂಘದವರು ಬ್ಯಾರೆಯವನನ್ನ ಇಡ್ತಾರ. ಕಣ್ಣ ಬಂದ್ರೂ ನೋಡಾಕ ಏನ ಉಳೀತೈತಿ?"

೮ ಮೇ

ಮಾವಶಿ ಬೆಳಗಿನ ಬಸ್ಸಿಗೆ ಬಂದಳು. ಕುರಿಗಳ ವಿಷಯ ಬಸ್ ಸ್ಟ್ಯಾಂಡಿನಲ್ಲೇ ಗೊತ್ತಾಗಿತ್ತು. ನನ್ನ ಮುಖ ನೋಡಿ ಉಳಿದದ್ದೂ ಗೊತ್ತಾಯಿತು.

"ಹಾಂ, ನಾನ ನೀರ ಬಿಡ್ತಿದ್ದೆ," ಎಂದಳು. "ಅಂವಾ ಮಾತಾಡ್ತಾನ, ನಾ ನೋಡ್ತೀನಿ. ಮಂದೀಗಿ ಅಂವಾ ಪಾಟಕರಿ. ಸಂಸಾರಂದ್ರ ಹಂಗ."

ನೀಲಿ ನೋಟ್‌ಬುಕ್ಕಿನಲ್ಲಿ ಏಪ್ರಿಲ್ ೧೩ರ ಪುಟ ತೆರೆದು ನೋಡಿದೆ. "ಅಡ್ಡಿ ಮಾಡುತ್ತಾಳೆ" ಎಂದು ಬರೆದದ್ದನ್ನು ಹೊಡೆದು ಹಾಕಿದೆ. "ಸುಧಾರಣೆಗೆ ಅವಕಾಶವಿದೆ" ಎಂಬುದರ ಮುಂದೆ ನನ್ನ ರೋಲ್ ನಂಬರು ಬರೆದೆ.

ಹೊಸ ಪಾಟಕರಿಯನ್ನು ಹುಡುಕುವುದೇ ಬೇಡ. ಎರಡು ವರ್ಷದಿಂದ ಇದ್ದಾಳೆ. ಆದರೆ ಅದನ್ನು ಹೇಳಿದರೆ ಆಣೆ ಮುರಿಯುತ್ತದೆ, ಹೇಳದಿದ್ದರೆ ಕಣ್ಣು ಹೋಗುತ್ತದೆ. ಸರ್ ಕೊಟ್ಟ ಆರು ಹಂತಗಳಲ್ಲಿ ಇದಕ್ಕೆ ಜಾಗ ಎಲ್ಲಿದೆ ಎಂದು ಎರಡು ಸಲ ಓದಿದೆ. ಸಿಗಲಿಲ್ಲ.

೧೨ ಮೇ

ಊಟಕ್ಕೆ ಕೂತಾಗ ಕಾಕಾನಿಗೆ ಹೇಳಿದೆ. ಕಣ್ಣಿನ ಮಾತು ಎತ್ತದೆ, ಇಷ್ಟೇ: ಮಾಮಾ ಮಿರಜಕ್ಕೆ ಹೋದಾಗ ಕಾಳವ್ವ ಮಾವಶಿಯನ್ನೇ ಪಾಟಕರಿ ಮಾಡೋಣ.

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಹೆಣ್ಣಮಗಳು? ನೀರ ಬಿಡೂದು? ಸುತ್ತಮುತ್ತ ಯಾವ ಸಂಘದಾಗ ಐತಿ?"

"ಅಧ್ಯಕ್ಷರಿಗೆ ಎರಡು ತಾಸು ಹೆಚ್ಚು ನೀರು ಯಾವ ಸಂಘದಲ್ಲಿದೆ?"

ಇದನ್ನು ನಾನೇ ಹೇಳಿದೆನೇ? ಹೇಳಿದೆ. ಕಾಕೂ ನನ್ನ ತಾಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ಕಾಕಾ ಕೈ ತೊಳೆದುಕೊಂಡು ಬಂದು, "ಸಭಾ ಕರಿಯೂಣು. ಮಂದಿ ಹೂಂ ಅಂದ್ರ ನೋಡೂಣು," ಎಂದರು. ಮಂದಿ ಊಂಹೂಂ ಅನ್ನುತ್ತಾರೆಂದು ಅವರಿಗೆ ಖಾತ್ರಿಯಿತ್ತು. ನನಗೂ ಇತ್ತು.

೧೬ ಮೇ, ರವಿವಾರ

ಸಭೆ. ನಲವತ್ತೇಳೂ ಜನ ಬಂದಿದ್ದರು. ಈ ಸಲ ಯಾರೂ "ಹೌದ್ರಿ" ಅನ್ನಲಿಲ್ಲ. ಗೇಟಿನ ಹಲಗೆ ಆಕೆ ಎತ್ತುತ್ತಾಳಾ? ಪಾಳಿ ಜಗಳ ಬಂದರೆ ಯಾರು ಬಿಡಿಸಬೇಕು? ಸಂಘಕ್ಕೆ ನಾಲ್ಕೂರ ಜನ ನಗುತ್ತಾರೆ. ವಿರೋಧಿಗಳ ಹೆಸರು ಬರೆಯಲು ಶುರು ಮಾಡಿ, ಹದಿನಾಲ್ಕಕ್ಕೆ ಬಿಟ್ಟೆ. ಓದಬೇಕಿದ್ದ ಹೊಸ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಆಗ ಲಗಮಣ್ಣ ಮಾಮಾ ಎದ್ದ. ರುಮಾಲು ತೆಗೆದು ಕೈ ಮುಗಿದ.

"ಅಧ್ಯಕ್ಷರ, ನಂದೊಂದ ತಪ್ಪ ಆಗೈತಿ."

ಮೂಲೆಯಲ್ಲಿ ಗೊಬ್ಬರದ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಮಾಮಾ ಕೈ ಮುಗಿದು ನಿಂತಿದ್ದು ಅವುಗಳ ಎದುರಿಗೆ. ಕಾಕಾ ಇದ್ದದ್ದು ಅವನ ಬೆನ್ನ ಹಿಂದೆ. ಯಾರೋ ಫಕ್ಕನೆ ನಕ್ಕು, ಅರ್ಧಕ್ಕೆ ನಿಲ್ಲಿಸಿದರು.

"ಎರಡ ವರ್ಷ ಆತು, ನನಗ ಎರಡೂ ಕಣ್ಣ ಕಾಣಂಗಿಲ್ಲ. ಸುಳ್ಳ ಹೇಳಿ ಪಗಾರ ತಿಂದೇನಿ. ನೀರ ಬಿಟ್ಟಾಕಿ ಇಕಿ." ಯೂರಿಯಾ ಚೀಲಗಳಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಕ್ಕಿಲ್ಲ. "ಶಿಕ್ಷಾ ನನಗ ಕೊಡ್ರಿ. ಕೆಲಸ ಆಕೀಗಿ ಕೊಡ್ರಿ."

ಕಾಳವ್ವ ಬಾಗಿಲಲ್ಲೇ ನಿಂತಿದ್ದವಳು ಒಳಗೆ ಬಂದು ಅವನನ್ನು ಮೆಲ್ಲಗೆ ಕಾಕಾನ ಕಡೆ ತಿರುಗಿಸಿದಳು. ಆಮೇಲೆ ಜನರ ಕಡೆ ತಾನು ತಿರುಗಿದಳು.

"ಎರಡ ವರ್ಷ ನಿಮ್ಮ ಕಬ್ಬ ನನ್ನ ಕೈಯಾಗಿನ ನೀರ ಕುಡದಾವ. ಹೆಣ್ಣಮಗಳ ಬಿಟ್ಟ ನೀರ ಒಲ್ಲೆ ಅಂತ ಯಾವದರೆ ಕಬ್ಬ ನಿಮ್ಮ ಮುಂದ ಬಂದ ಅತ್ತೈತೇನ್ರಿ?"

ಭೀಮಸಿ ಎದ್ದ. ಮುಗಿಯಿತು ಅಂದುಕೊಂಡೆ.

"ಆಕಿ ಇದ್ದ ಎರಡ ವರ್ಷ ನನ್ನ ಕುರಿ ಒಣಗೇ ಇದ್ದೂ," ಎಂದ. "ಒಂದ ದಿನ ಊರಿಗಿ ಹೋದ್ಲು, ಈಜ ಕಲತೂ. ನನಗ ಬ್ಯಾರೆ ಪಾಟಕರಿ ಬ್ಯಾಡ್ರೆಪಾ."

ಈಗ ನಕ್ಕವರು ಅರ್ಧಕ್ಕೆ ನಿಲ್ಲಿಸಲಿಲ್ಲ. ಕಾಕಾ ಕೂಡ.

ಲಗಮಣ್ಣನ ಪರವಾಗಿ ನಲವತ್ತು ದಿನ ಕಾಳವ್ವ ಎಂದು ಬರೆಯಲು ಕಾಕಾ ಹೇಳಿದರು. "ಪರವಾಗಿ ಬ್ಯಾಡ್ರಿ," ಎಂದಳು ಮಾವಶಿ. "ಅವನ ಹೆಸರಿಲೆ ಭಾಳ ದಿನ ಮಾಡೇನಿ. ನಂದು ಬರಸ್ರಿ. ನಲವತ್ತ ದಿನದ ಮ್ಯಾಲ ಕಬ್ಬ ಒಣಗಿದ್ರ ಅಳಸ್ರಿ."

ಗೋಡೆಗೆ ಮುಖ ಮಾಡಿದ್ದ ಬೋರ್ಡು ಹೊರಗೆ ಬಂತು. ಹಳೆಯ ಅಕ್ಷರ ಕೆರೆದು ಹಾಕಿ, ಮೇಲೆ ಬರೆದೆ: ಪಾಟಕರಿ ಕಾಳವ್ವ. ಕೆಳಗೆ ಪಾಳಿ, ತುದಿಯಿಂದ ಮೇಲಕ್ಕೆ. ಕಾಕಾನ ಗೇಟು ಆರು ತಾಸು. ಬಣ್ಣದಲ್ಲಿ.

೨೧ ಮೇ

ಕಾಕಾನ ಪಾಳಿ. ಆರು ತಾಸಿಗೆ ಸರಿಯಾಗಿ ಮಾವಶಿ ಗೇಟು ಮುಚ್ಚಿ, ಇನ್ನೂ ನೀರು ಹಾಯಿಸುತ್ತಿದ್ದ ಆಳಿನ ಕೈಗೆ ಸಲಿಕೆ ಕೊಟ್ಟು ಮುಂದೆ ಹೋದಳಂತೆ. ಕಾಕಾ ಊಟಕ್ಕೆ ಬಂದು, "ಬದಲಾವಣಿ ಮನೀಗೂ ಬಂತಲ್ಲೋ," ಎಂದರು.

"ಸಂಸ್ಥೆಯ ಮೇಲಿನವರಿಂದಲೇ ಶುರುವಾಗಬೇಕು ಅಂತ ನೋಟ್ಸ್‌ನಲ್ಲಿದೆ ಕಾಕಾ."

"ಆ ನೋಟ್ಸ ಒಲ್ಯಾಗ ಹಾಕು," ಎಂದರು. ಆದರೆ ಇನ್ನೊಂದು ರೊಟ್ಟಿ ಕೇಳಿದರು.

೨೪ ಮೇ

ಮಿರಜ. ಟೆಂಪೋದಲ್ಲಿ ನಾನು, ಮಾಮಾ, ಕಾಕೂ ಕಟ್ಟಿಕೊಟ್ಟ ಬುತ್ತಿ. ಮಾವಶಿ ಬರಲಿಲ್ಲ, ಮೂವತ್ತನೇ ಗೇಟಿನ ಪಾಳಿ ಇತ್ತು. ದಾರಿಯುದ್ದಕ್ಕೂ ಮಾಮಾ, "ಈಗ ಯಾವ ಗೇಟ ನಡದೈತಿ?" ಎಂದು ನನ್ನನ್ನೇ ಕೇಳುತ್ತಿದ್ದ. ನೋಟ್‌ಬುಕ್ ನೋಡದೆ ಹೇಳಿದೆ. ಆಪರೇಷನ್ ಆಯಿತು, ಎಡಗಣ್ಣಿಗೆ. ಬಲಗಣ್ಣು ದೀಪಾವಳಿ ಆದ ಮೇಲೆ.

೨೭ ಮೇ

ಇಂದು ಪಟ್ಟಿ ಬಿಚ್ಚಿದರು. ಮಾವಶಿಯೂ ಬೆಳಿಗ್ಗೆ ಬಂದಿದ್ದಳು. ಗೇಟಿನ ಕೀಲಿ ಭೀಮಸಿಯ ಕೈಯಲ್ಲಿ ಕೊಟ್ಟು ಬಂದಳಂತೆ. ಭೀಮಸಿಯ ಕೈಯಲ್ಲಿ!

ಡಾಕ್ಟರು ದಪ್ಪ ಗಾಜಿನ ಕನ್ನಡಕ ಹಾಕಿಸಿದರು. ಮಾಮಾ ಮೊದಲು ಗೋಡೆ ನೋಡಿದ, ತನ್ನ ಕೈ ನೋಡಿಕೊಂಡ, ಗಡಿಯಾರ ನೋಡಿ "ನಿಂತ ಹೋಗೈತಲ್ಲೋ ಇದು" ಎಂದ. ಆಮೇಲೆ ನನ್ನ ಕಡೆ ತಿರುಗಿದ. ಬಹಳ ಹೊತ್ತು ನೋಡಿದ.

"ಇಂವಾ ಯಾವ ಹುಡುಗ?"

"ನಾನು, ಮಾಮಾ. ಬಾಬಾಸಾಹೇಬ."

"ಸುಳ್ಳ! ಮೀಸಿ ಎಲ್ಲಿ?"

ವಾರ್ಡಿನ ಎಂಟೂ ಮಂಚಗಳು ನಕ್ಕವು. ಕಣ್ಣಿಗೆ ಪಟ್ಟಿ ಇದ್ದವರು ಏನೂ ನೋಡದೆಯೇ ನಕ್ಕರು.

ಕೊನೆಗೆ ಮಾವಶಿಯನ್ನು ನೋಡಿದ. ಅವಳು ಸೆರಗು ಸರಿ ಮಾಡಿಕೊಂಡಳು.

"ತಲಿ ಬೆಳ್ಳಗಾಗೈತಲ್ಲ ನಿಂದು," ಎಂದ. "ಯಾವಾಗ?"

"ನಿನ್ನ ಸಲಿಕಿ ಹೊತ್ತಾಗಿಂದ," ಎಂದಳು. ತಟ್ಟನೆ ಕಿಟಕಿಯ ಕಡೆ ಹೋಗಿ, ಚಹಾದವನು ಬಂದನೇನೋ ನೋಡುತ್ತ ನಿಂತಳು. ಚಹಾದವನು ಆಗಲೇ ಬಂದು ಹೋಗಿದ್ದ.

೧೦ ಜೂನ್

ನಾಳೆ ಬೆಳಗಾವಿಗೆ. ಟ್ರಂಕು ಕಟ್ಟುವಾಗ ಕಾಕೂ, "ನಿನ್ನ ಬೂಟ ಎಲ್ಲಿ?" ಎಂದು ಕೇಳಿದಳು. ಹುಡುಕಿದೆವು. ಕುರಿಗಳು ನೀರಿಗೆ ಇಳಿದ ದಿನ ಭೀಮಸಿಯ ಬದುವಿನ ಮೇಲೆ ಬಿಚ್ಚಿಟ್ಟದ್ದು. ಅವನ ಹೆಂಡತಿ ಒಂದರಲ್ಲಿ ಮೆಣಸಿನ ಸಸಿ ಹಚ್ಚಿದ್ದಾಳೆ. ಹೂ ಬಿಟ್ಟಿತ್ತು, ಕೇಳಲು ಮನಸ್ಸಾಗಲಿಲ್ಲ.

೪ ಜುಲೈ, ರವಿವಾರ

ನಲವತ್ತು ದಿನ ನಿನ್ನೆ ಮುಗಿಯಿತು. ಬೆಳಗಾವಿಯ ಹಾಸ್ಟೆಲಿನಲ್ಲಿ ಹೇಳದೆ ಬಸ್ಸು ಹತ್ತಿ ಬಂದುಬಿಟ್ಟೆ. ಮಳೆ ಹಿಡಿದಿದೆ, ಗೇಟುಗಳೆಲ್ಲ ಮುಚ್ಚಿವೆ, ಒಂದು ಕಬ್ಬೂ ಒಣಗಿಲ್ಲ. ಮಾಮಾ ಕನ್ನಡಕ ಹಾಕಿಕೊಂಡು ಬೋರ್ಡಿನ ಮುಂದೆ ನಿಂತಿದ್ದ. ಈಗ ಕಾಣುತ್ತದೆ. ಓದಲು ಮೊದಲಿನಿಂದಲೂ ಬರುವುದಿಲ್ಲ.

"ಯಾರ ಹೆಸರ ಐತಿ?"

"ಮಾವಶೀದು."

ಕಾಕಾ ಕೈಯಲ್ಲಿ ಬಣ್ಣದ ಡಬ್ಬಿ, ಬ್ರಶ್ಶು ಹಿಡಿದು ನಿಂತಿದ್ದರು. ಮಾಮಾ ಹೇಳಿದಂತೆ ಮಾಡೋಣ ಎಂದು.

"ಇರ್ಲಿ ಬಿಡ್ರಿ," ಎಂದ ಮಾಮಾ. "ಚಂದ ಕಾಣತೈತಿ. ಭಾಳ ದಿನದ ಮ್ಯಾಲ ಚಂದಂದ ಒಂದ ನೋಡಾಕತ್ತೇನಿ." ಕಾಕಾನ ಕೈಯಿಂದ ಬ್ರಶ್ಶು ತೆಗೆದುಕೊಂಡು, ನನ್ನ ಕೆಟ್ಟ ಗೆರೆಯ ಬಾರ್ಡರನ್ನು ಸರಿ ಮಾಡತೊಡಗಿದ.

೧೯ ಜುಲೈ, ಬೆಳಗಾವಿ

ರಿಪೋರ್ಟ್ ವಾಪಸ್ ಬಂತು. ನಲವತ್ತಕ್ಕೆ ಇಪ್ಪತ್ತೊಂಬತ್ತು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಸರ್ ಬರೆದಿದ್ದಾರೆ: "ಬದಲಾವಣೆ ಆದದ್ದು ಯಾವ ತಾರೀಖು, ಯಾವ ಹಂತದಲ್ಲಿ? ಸ್ಪಷ್ಟಪಡಿಸಿ. ಶನಿವಾರದೊಳಗೆ." ಮೇ ೧೬ ಎಂದು ಬರೆದೆ, ಹೊಡೆದು ಹಾಕಿದೆ. ಏಪ್ರಿಲ್ ೨೫ ಎಂದು ಬರೆದೆ. ಅದನ್ನೂ. ಕೊನೆಗೆ ಗೊತ್ತಿದ್ದವರನ್ನೇ ಕೇಳೋಣ ಎಂದು ಈ ಕಾಗದ ಬರೆದೆ. ಪ್ರತಿ ಇಲ್ಲಿ ಇಡುತ್ತೇನೆ.

ಕಾಳವ್ವ ಮಾವಶಿಗೆ ನಮಸ್ಕಾರ. ಕಾಗದ ಬರೆದು ತೊಂದರೆ ಕೊಡುತ್ತಿದ್ದೇನೆ, ತಪ್ಪು ತಿಳಿಯಬೇಡ. ಇದನ್ನು ಕ‌ಮಲಾಬಾಯಿ ಕಾಕೂ ಓದಿ ಹೇಳಲಿ. ನಮ್ಮ ಸರ್ ಒಂದು ಪ್ರಶ್ನೆ ಕೇಳಿದ್ದಾರೆ, ನನಗೆ ಉತ್ತರ ಗೊತ್ತಿಲ್ಲ. ಎರಡು ವರ್ಷದ ಹಿಂದೆ ಮಾಮಾನಿಗೆ ಕಾಣುವುದಿಲ್ಲ ಎಂದು ನಿನಗೆ ಗೊತ್ತಾಗಿ, ನೀನು ಮೊದಲ ಸಲ ಅವನ ಮುಂದೆ ಮುಂದೆ ನಡೆದು ಗೇಟು ತೆಗೆದದ್ದು ಯಾವ ದಿನ? ತಾರೀಖು ನೆನಪಿರದಿದ್ದರೆ ಯಾರ ಪಾಳಿ ಇತ್ತು ಹೇಳು, ಪಟ್ಟಿ ನನ್ನ ಹತ್ತಿರ ಇದೆ, ಲೆಕ್ಕ ಹಾಕಿಕೊಳ್ಳುತ್ತೇನೆ. ಆ ದಿನ ನಿನ್ನನ್ನು ಯಾರಾದರೂ ಬೈದಿದ್ದರೆ ಅದನ್ನೂ ಬರೆಸು. ಮಾಮಾನಿಗೆ ಹೇಳು, ಮೀಸೆ ಇನ್ನೂ ಬಂದಿಲ್ಲ. ಶನಿವಾರದೊಳಗೆ ಬೇಕು, ದಯವಿಟ್ಟು ಬೇಗ ಉತ್ತರ ಬರೆಸು.